ಚಿರತೆ ಹಲ್ಲಿಗೆ ಹಾಸಿದ ನೆಲ

ಮೂವತ್ತು ವರ್ಷಗಳಿಂದ ನಾನು ಊರಿಗೆಲ್ಲ ನೆಲ ಹಾಸುತ್ತಾ ಬಂದಿದ್ದೇನೆ. ಹೋಟೆಲಿನ ಪಡಸಾಲೆ, ಬ್ಯಾಂಕಿನ ಮೆಟ್ಟಿಲು, ಹೊಸದಾಗಿ ಸಂಸಾರ ಹೂಡಿದವರ ಅಡುಗೆಮನೆ, ಹೀಗೆ ಎಲ್ಲೆಲ್ಲೂ ಜನ ನನ್ನ ಕೆಲಸದ ಮೇಲೇ ಓಡಾಡುತ್ತಾರೆ. ಟೈಲು ಹಾಕುವುದರಲ್ಲಿ ನನ್ನದು ಎತ್ತಿದ ಕೈ ಎಂದು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. (ಬೇರೆ ಯಾರೂ ಹೇಳದೆ ಇರುವಾಗ ಇನ್ನೇನು ಮಾಡಲಿ?) ಇಷ್ಟು ವರ್ಷದಲ್ಲಿ ನನ್ನ ನೆಲ ನೋಡಿ ಮೂಗು ಮುರಿದವರು ಒಬ್ಬರೂ ಇರಲಿಲ್ಲ. ಹೋದ ತಿಂಗಳು ಒಂದು ಹಲ್ಲಿ ಮುರಿಯಿತು.

ಸಾಧಾರಣ ಹಲ್ಲಿ ಎಂದುಕೊಳ್ಳಬೇಡಿ. ಟ್ಯೂಬ್‌ಲೈಟಿನ ಹಿಂದೆ ಅವಿತು ಕೂತು ಹುಳ ಹಿಡಿಯುವ ಜಾತಿ ಬೇರೆ. ಇದು ಚಿರತೆ ಹಲ್ಲಿ. ಗೇಣುದ್ದದ ದೇಹ, ಮೈಯೆಲ್ಲ ಹಳದಿ, ಹಳದಿಯ ಮೇಲೆ ಕಪ್ಪು ಚುಕ್ಕಿ, ಮೂಲಂಗಿಯಂಥ ದಪ್ಪ ಬಾಲ. ಬೇರೆ ಹಲ್ಲಿಗಳಿಗಿಲ್ಲದ ರೆಪ್ಪೆ ಇದಕ್ಕಿದೆ. ನಿಮ್ಮ ಮುಖ ಸಾಕೆನಿಸಿದರೆ ಕಣ್ಣು ಮುಚ್ಚಿಕೊಂಡುಬಿಡುತ್ತದೆ. ಬಾಯಿಯ ಗೆರೆ ತುದಿಯಲ್ಲಿ ಮೇಲಕ್ಕೆ ತಿರುಗಿರುವುದರಿಂದ ಯಾವಾಗಲೂ ನಸುನಗುತ್ತಿರುವಂತೆ ಕಾಣುತ್ತದೆ. ನಿಜ ಹೇಳಬೇಕೆಂದರೆ ಬಲು ಚೆಂದದ ಪ್ರಾಣಿ, ಈಗ ಹೇಳಲು ನನಗೆ ನಾಚಿಕೆಯಿಲ್ಲ.

ಅಂಥ ಎರಡು ನಮ್ಮ ಮೇಲಿನ ಮನೆಯಲ್ಲಿದ್ದವು. ಅಲ್ಲಿದ್ದ ನಿವೃತ್ತ ವಿಜ್ಞಾನದ ಟೀಚರು ಅವನ್ನು ಏಳು ವರ್ಷ ಸಾಕಿದ್ದರು. ದೊಡ್ಡದು ದಪ್ಪಕ್ಕ, ಚಿಕ್ಕದು ಚುಕ್ಕಿ. ಟೀಚರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಎರಡು ತಿಂಗಳು ಅವಕ್ಕೆ ಹುಳ ತಿನ್ನಿಸಿ, ನೀರಿಟ್ಟು, ಪೆಟ್ಟಿಗೆ ಒರೆಸಿ ನೋಡಿಕೊಂಡವಳು ನನ್ನ ಹೆಂಡತಿ. ಅವಳು ಹಸುಗೂಸುಗಳ ವಾರ್ಡಿನಲ್ಲಿ ನರ್ಸು. ಅಂಗೈ ಅಗಲದ ಕೂಸುಗಳನ್ನು ಬೆಚ್ಚನೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಗಂಟೆಗೊಮ್ಮೆ ಶಾಖ ನೋಡಿ, ಬರೆದಿಟ್ಟು, ಬದುಕಿಸಿ ಮನೆಗೆ ಕಳಿಸುವುದು ಅವಳ ದಿನದ ಕೆಲಸ. ಗಾಜಿನ ಪೆಟ್ಟಿಗೆಯೊಳಗಿನ ಯಾವ ಜೀವವನ್ನು ಕಂಡರೂ ಅವಳ ಕರುಳು ಕರಗುತ್ತದೆ.

ಒಂದು ದಿನ ಊಟಕ್ಕೆ ಕೂತಾಗ ಅವಳು ಮಾತು ತೆಗೆದಳು.

"ಟೀಚರು ತಂಗಿ ಮನೆಗೆ ಹೋಗ್ಬಿಡ್ತಾರಂತೆ. ಅಲ್ಲಿ ಬೆಕ್ಕಿದೆ."

"ಒಳ್ಳೇದಲ್ವಾ? ಬೆಕ್ಕಿದ್ರೆ ಇಲಿ ಇರಲ್ಲ."

"ಹಲ್ಲೀನೂ ಇರಲ್ಲ. ಅದಕ್ಕೇ ಅವನ್ನ ಯಾರಿಗಾದ್ರೂ ಕೊಟ್ಟು ಹೋಗ್ತಾರೆ. ಮೀನಿನ ತೊಟ್ಟಿ ಮಾರೋ ಅಂಗಡಿಯವನು ಕೇಳ್ತಿದಾನೆ. ಅವನು ತಗೊಂಡು ಹೋಗಿ ಮರಳಲ್ಲಿ ಬಿಟ್ಟು ಬಾಗಿಲಲ್ಲಿ ಇಡ್ತಾನೆ, ಹೋಗಿ ಬರೋರೆಲ್ಲ ಗಾಜು ತಟ್ಟಿ ನೋಡ್ತಾರೆ." ಅವಳು ಲೋಟ ಕೆಳಗಿಟ್ಟಳು. "ಅವು ನನಗೆ ಬೇಕು."

ನನ್ನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಅವಳು ಪರದೆ ಕೇಳಿದ್ದಾಳೆ, ಅದು ಮನೆಗೆ. ಕುರ್ಚಿ ಕೇಳಿದ್ದಾಳೆ, ಅದು ನನ್ನ ತಾಯಿಗೆ. ಬೆನ್ನುಪಟ್ಟಿ ಕೇಳಿದ್ದಾಳೆ, ಅದು ನನ್ನ ಬೆನ್ನಿಗೆ. ತನಗೆಂದು ಬಾಯಿಬಿಟ್ಟು ಒಂದು ವಸ್ತು ಕೇಳಿದ್ದು ಇದೇ ಮೊದಲು, ಅದೂ ಹಲ್ಲಿ.

"ಟೀಚರು ಮುಂದಿನ ಭಾನುವಾರ ಹೋಗೋದು," ಎಂದಳು. "ಹನ್ನೊಂದು ಗಂಟೆಗೆ ಇಲ್ಲಿಗೆ ಬಂದು ನಾವು ಮಾಡಿರೋ ಪೆಟ್ಟಿಗೆ ನೋಡ್ತಾರೆ. ಸರಿ ಇದ್ರೆ ಬಿಟ್ಟು ಹೋಗ್ತಾರೆ. ಸರಿ ಇಲ್ಲಾಂದ್ರೆ, ನಾಲ್ಕು ಗಂಟೆಗೆ ಸಾಮಾನಿನ ಗಾಡಿ ಬರತ್ತಲ್ಲ, ಹೋಗ್ತಾ ಅಂಗಡಿಯವನಿಗೆ ಕೊಡ್ತಾರೆ. ಏನೇನು ಬೇಕು ಅಂತ ಎಲ್ಲಾ ಬರೆದಿದೀನಿ. ಸ್ವಲ್ಪ ಓದಿ."

ಅವಳ ಅಕ್ಷರ ದುಂಡಗೆ, ಸಾಲು ನೂಲು ಹಿಡಿದಷ್ಟು ನೇರ. ಕಾಗದದ ಹಿಂಬದಿ ಖಾಲಿ ಇತ್ತು. ಅಳತೆ ಬರೆದುಕೊಳ್ಳಲು ನನಗೆ ಅಂಥದ್ದೇ ಕಾಗದ ಬೇಕಾಗಿತ್ತು. ಮಡಚಿ ಜೇಬಿಗೆ ಹಾಕಿಕೊಂಡು, "ನೆಲದ ವಿಷಯ ನನಗೆ ಬಿಡು," ಎಂದೆ.

ನನ್ನ ತಾಯಿ ಊಟ ಮುಗಿಸಿ ಎದ್ದಳು. ಎದ್ದವಳು ಯಾವತ್ತಿನಂತೆ ಗೋಡೆಯ ಮೇಲೆ ಅಂಗೈಯಾಡಿಸುತ್ತಾ ನಿಧಾನಕ್ಕೆ ತನ್ನ ಕೋಣೆಗೆ ಹೊರಟಳು. ನಮ್ಮ ಮನೆಯ ಗೋಡೆಗೂ ನಾನು ಸೊಂಟದೆತ್ತರದವರೆಗೆ ಟೈಲು ಹಾಕಿದ್ದೇನೆ. ನೆಲವಂತೂ ಕನ್ನಡಿ. ಬಂದವರು ಬಗ್ಗಿ ತಲೆಗೂದಲು ಸರಿಮಾಡಿಕೊಳ್ಳುತ್ತಾರೆ. ಅಮ್ಮ ಹನ್ನೊಂದು ವರ್ಷದಿಂದ ಹೀಗೆ ಗೋಡೆ ಸವರುತ್ತಲೇ ನಡೆಯುತ್ತಾಳೆ. ಸಂದು ಎಲ್ಲಿದೆ ಎಂದು ಬೆರಳಿಗೂ ತಿಳಿಯದ ಮಗನ ಕೈಚಳಕವನ್ನು ಅವಳು ಹೀಗೆ ದಿನಕ್ಕೆ ಹತ್ತು ಸಲ ಮೆಚ್ಚಿಕೊಳ್ಳುತ್ತಾಳಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಮರುದಿನ ನಾನು ಜರಡಿ ಹಿಡಿದ ನುಣ್ಣನೆ ಮರಳನ್ನು ಒಂದು ಚೀಲ ಹೊತ್ತು ತಂದೆ. ಹೆಂಡತಿ ಬಾಗಿಲಲ್ಲೇ ತಡೆದಳು.

"ಇದೇನು?"

"ಮರಳು. ಮರುಭೂಮಿ ಪ್ರಾಣಿ ತಾನೇ?"

"ಅವು ಇರೋದು ಒಣಗಿದ ಗಟ್ಟಿ ನೆಲದಲ್ಲಿ, ಕಲ್ಲಿನ ಸಂದೀಲಿ. ಮರಳಿನ ಗುಡ್ಡೇಲಿ ಅಲ್ಲ. ಹುಳ ಹಿಡಿಯೋವಾಗ ಬಾಯಿಗೆ ಮರಳು ಹೋಗತ್ತೆ, ಹೊಟ್ಟೇಲಿ ಗಟ್ಟಿಯಾಗಿ ಕಟ್ಟಿಕೊಳ್ಳತ್ತೆ, ಆಮೇಲೆ ಬದುಕಲ್ಲ. ಬರೆದಿದ್ನಲ್ಲ, ಓದಲಿಲ್ವಾ?"

"ಓದಿದೆ," ಎಂದೆ. (ಅಳತೆ ಬರೆಯುವಾಗ ಕಾಗದ ಮಗುಚಿದ್ದೆ. ಅದೂ ಓದಿದ ಲೆಕ್ಕವೇ.) "ನಿನ್ನನ್ನ ಪರೀಕ್ಷೆ ಮಾಡಿದ್ದು. ಮರಳು ಬೇಡ ಅಂದ್ರೆ ಇನ್ನೇನು ಹಾಕ್ತಾರೆ?"

"ಮೇಲೆ ಟೀಚರ ಹತ್ರ ಟೈಲಿದೆ."

ಟೈಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮುಂದೆ ಅವಳು ಹೇಳಿದ್ದೊಂದೂ ನನಗೆ ಕೇಳಿಸಲಿಲ್ಲ. ಮೂವತ್ತು ವರ್ಷದ ವಿದ್ಯೆ ಮೈಮೇಲೆ ಬಂದಿತ್ತು.

ನಾಲ್ಕು ದಿನ ನಾನು ಹೊರಗಿನ ಕೆಲಸಕ್ಕೆ ಹೋಗಲಿಲ್ಲ. ನಾಲ್ಕಡಿ ಉದ್ದದ ಪೆಟ್ಟಿಗೆ, ಮೂರು ಕಡೆ ಪ್ಲೈವುಡ್ಡು, ಮುಂದೆ ಜಾರುವ ಗಾಜು, ತಳಕ್ಕೆ ತೆಳು ತಗಡು, ಮೇಲೆ ಗಾಳಿಯಾಡುವ ಜಾಲರಿ. ಅಕ್ಕತಂಗಿ ಒಂದೇ ಕೋಣೆಯಲ್ಲಿದ್ದರೆ ಕಚ್ಚಾಡುತ್ತವೆಂದು ಹೆಂಡತಿ ಹೇಳಿದ್ದರಿಂದ ನಡುವೆ ಒಂದು ಗೋಡೆ, ಅಂದರೆ ಕಾನೂನುಬದ್ಧ ಪಾಲು. ತಗಡಿನ ಮೇಲೆ ಎರಡು ಬೆರಳು ದಪ್ಪ ಸಿಮೆಂಟಿನ ಹಾಸು. ಅದರ ಮೇಲೆ ದೊಡ್ಡ ಹೋಟೆಲಿನ ಪಡಸಾಲೆಯಲ್ಲಿ ಉಳಿದಿದ್ದ, ನಾನು ಆರು ವರ್ಷದಿಂದ ಹಳೇ ಕಂಬಳಿಯಲ್ಲಿ ಸುತ್ತಿಟ್ಟಿದ್ದ ಕನ್ನಡಿ ಹೊಳಪಿನ ಟೈಲು. ಭೂಮಿ ನಡುಗಿದರೂ ಅಲ್ಲಾಡದ ಅಂಟು. ಬಚ್ಚಲಿಗೆ ಕೊಡುವ ಹಾಗೆಯೇ ಒಂದು ಮೂಲೆಗೆ ಅಳತೆಗೆ ಸರಿಯಾದ ಇಳಿಜಾರು. ಆ ಮೂಲೆಯಲ್ಲಿ ನೀರು ಹೋಗಲು ತೂತು, ತೂತಿಗೆ ಬೆಳ್ಳಿಯಂತೆ ಹೊಳೆಯುವ ಜಾಲರಿ ಮುಚ್ಚಳ.

"ಇಷ್ಟು ನುಣ್ಣಗಿದ್ರೆ ಅವು ಜಾರಲ್ವಾ?" ಎಂದಳು ಹೆಂಡತಿ.

"ಗೋಡೆ ಹತ್ತೋ ಹಲ್ಲಿ ನೆಲದ ಮೇಲೆ ಜಾರತ್ತಾ? ಸ್ವಲ್ಪ ಯೋಚನೆ ಮಾಡು."

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಕಟರ್ ಚಾಲೂ ಮಾಡಿದೆ. ಟೈಲು ಕೊಯ್ಯುವ ಯಂತ್ರದಲ್ಲಿ ನನಗೆ ಬಲು ಇಷ್ಟವಾದ ಗುಣ ಅದರ ಸದ್ದು.

ಅಂಟು ಒಣಗಿದ ಮೇಲೆ ಅವಳು ತನ್ನ ಕೆಲಸ ಶುರು ಮಾಡಿದಳು. ಪೆಟ್ಟಿಗೆಯ ತಗಡಿನ ಕೆಳಗೆ ಆಚೆಗೊಂದು ಈಚೆಗೊಂದು ಬಿಸಿ ಮಾಡುವ ಚಾಪೆ ಅಂಟಿಸಿ, ಶಾಖ ಮಿತಿ ಮೀರದಂತೆ ನೋಡಿಕೊಳ್ಳುವ ಸ್ವಿಚ್ಚಿಗೆ ಜೋಡಿಸಿದಳು. ಒಬ್ಬೊಬ್ಬರಿಗೂ ಒಂದು ಬೆಚ್ಚನೆ ಗವಿ, ಒಂದು ತಂಪಾದ ಗವಿ. ಪೊರೆ ಕಳಚುವಾಗ ಹೋಗಿ ಕೂರಲು ಡಬ್ಬಿಗೆ ಬಾಗಿಲು ಕೊರೆದು, ಒದ್ದೆ ಪಾಚಿ ತುಂಬಿದ ಮೂರನೆಯದು. ಬಿಸಿ ಬದಿಯ ನೆಲ ಮೂವತ್ತೆರಡು ಡಿಗ್ರಿ ಇರಬೇಕು, ತಂಪು ಬದಿ ಇಪ್ಪತ್ತೈದು. ಥರ್ಮಾಮೀಟರ್ ನೋಡುವ ಮೊದಲು ಮಣಿಕಟ್ಟಿನ ಒಳಬದಿಯನ್ನು ನೆಲಕ್ಕೆ ತಾಗಿಸಿ, ಕಣ್ಣು ಕಿರಿದು ಮಾಡಿ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ವಾರ್ಡಿನಲ್ಲಿ ಹಾಲಿನ ಶಾಖ ನೋಡುವುದು ಹೀಗೇ ಇರಬೇಕು. ಅವಳು ಕೆಲಸ ಮಾಡುವುದನ್ನು ನಾನು ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ಆ ಕೂಸುಗಳು ಪುಣ್ಯವಂತರು ಎನಿಸಿತು.

ಅವಳು ಬೆಳಗ್ಗೆ, ಮಧ್ಯಾಹ್ನ, ಸಂಜೆ ಶಾಖ ಬರೆದಿಡುತ್ತಿದ್ದ ಪಟ್ಟಿ ಪೆಟ್ಟಿಗೆಯ ಬದಿಗೆ ಅಂಟಿಕೊಂಡಿತ್ತು. "ಬಿಸಿ ಬದಿ ಇಪ್ಪತ್ತಾರು ದಾಟ್ತಾನೇ ಇಲ್ಲ," ಎಂದು ಎರಡು ಸಲ ಹೇಳಿದಳು. ಥರ್ಮಾಮೀಟರ್ ಕೆಟ್ಟಿರಬೇಕು ಎಂದು ನಾನೂ ಎರಡು ಸಲ ಹೇಳಿದೆ. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು. ಬರೆಯುವುದನ್ನು ಬಿಡಲಿಲ್ಲ.

ಭಾನುವಾರ ಸರಿಯಾಗಿ ಹನ್ನೊಂದಕ್ಕೆ ಟೀಚರು ಬಂದರು. ಒಂದು ಕೈಯಲ್ಲಿ ಊರುಗೋಲು. ಇನ್ನೊಂದು ಕೈಯಲ್ಲಿ ಹಲ್ಲಿಗಳ ಡಬ್ಬಿ ಇತ್ತು, ಅದನ್ನು ಹೊಸ್ತಿಲಲ್ಲೇ ನನ್ನ ಹೆಂಡತಿಗೆ ದಾಟಿಸಿ, ಗೋಲಿನ ತುದಿಯಿಂದ ನಮ್ಮ ನೆಲವನ್ನು ಎರಡು ಸಲ ಕುಟ್ಟಿ ನೋಡಿದರು. ಅಮ್ಮ ಎದುರುಗೊಳ್ಳಲು ಹೋದಳು. ಇಬ್ಬರೂ ಒಬ್ಬರ ಹಿಂದೆ ಒಬ್ಬರು ಗೋಡೆ ಸವರುತ್ತಾ ಒಳಗೆ ಬಂದರು. ಒಂದೇ ದಿನ ಇಬ್ಬರು ಅಭಿಮಾನಿಗಳು ಎಂದು ನನ್ನ ಎದೆ ಒಂದು ಅಂಗುಲ ಉಬ್ಬಿತು.

ಟೀಚರು ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಕನ್ನಡಕ ಹಾಕಿಕೊಂಡು, ಮೊದಲು ಪಟ್ಟಿ ಓದಿದರು. ಆ ಪಟ್ಟಿಯನ್ನು ನಾನು ಆವರೆಗೆ ಓದಿರಲಿಲ್ಲ. ಅವರು ಗಟ್ಟಿಯಾಗಿ ಓದಿದ್ದರಿಂದ ಈಗ ಗೊತ್ತಾಯಿತು. "ಬಿಸಿ ಬದಿ ಇಪ್ಪತ್ತಾರು. ಬೇಕಾದದ್ದು ಮೂವತ್ತೆರಡು. ಕಾರಣ, ಗಂಡನ ಸಿಮೆಂಟು." ಮೂರು ದಿನ, ದಿನಕ್ಕೆ ಮೂರು ಸಲ, ಒಂಬತ್ತು ಸಾಲಿನಲ್ಲೂ ಕಾರಣ ಒಂದೇ ಇತ್ತು.

"ಈ ತೂತು ಯಾಕೆ?" ಎಂದರು ಟೀಚರು.

"ನೀರು ಹೋಗೋಕೆ."

"ಎಷ್ಟು ನೀರು?"

ಹೆಂಡತಿ ತಂದಿಟ್ಟಿದ್ದ ನೀರಿನ ಬಟ್ಟಲನ್ನು ನೋಡಿದೆ. ಅದು ಬಾಟಲಿಯ ಮುಚ್ಚಳಕ್ಕಿಂತ ಸ್ವಲ್ಪ ದೊಡ್ಡದಿತ್ತು. ಟೀಚರು ಹಲ್ಲಿಗಳ ಊಟಕ್ಕೆಂದು ಹೆಂಡತಿ ತಂದಿಟ್ಟಿದ್ದ ಹುಳದ ಡಬ್ಬಿಯಿಂದ ಒಂದು ಜೀರುಂಡೆ ತೆಗೆದು ನೆಲದ ಮೇಲೆ ಬಿಟ್ಟರು. ಅದು ಇಳಿಜಾರಿನಲ್ಲಿ ಸೊಗಸಾಗಿ ಜಾರಿಕೊಂಡು ಮೂಲೆಗೆ ಹೋಗಿ, ಜಾಲರಿಯ ಕಂಡಿಯಲ್ಲಿ ತಲೆ ತೂರಿಸಿ, ನಮ್ಮ ಸಂಸಾರಕ್ಕೆ ಸೇರಿಕೊಂಡಿತು. (ಇವತ್ತಿಗೂ ಸೋಫಾದ ಹಿಂದೆ ಎಲ್ಲೋ ಇದೆ. ಹಾಡುತ್ತದೆ.)

ಆಮೇಲೆ ಅವರು ದಪ್ಪಕ್ಕನನ್ನು ಎರಡೂ ಅಂಗೈಯಲ್ಲಿ ಎತ್ತಿ ನೆಲಕ್ಕೆ ಬಿಟ್ಟರು. ದಪ್ಪಕ್ಕ ಒಂದು ಹೆಜ್ಜೆ ಇಟ್ಟಿತು. ಬಲಗಾಲು ಪೂರ್ವಕ್ಕೆ ಹೋಯಿತು. ಎಡಗಾಲು ಪಶ್ಚಿಮಕ್ಕೆ ಹೋಯಿತು. ಹಿಂಗಾಲುಗಳು ಉಳಿದ ಎರಡು ದಿಕ್ಕು ಹಂಚಿಕೊಂಡವು. ಹೊಟ್ಟೆ ನೆಲಕ್ಕೆ ಬಡಿದು ಕೂತಿತು. ಕೆಳಗೆ ನೋಡಿದರೆ ಅಲ್ಲಿ ಇನ್ನೊಂದು ದಪ್ಪಕ್ಕ ಇವಳನ್ನೇ ದುರುಗುಟ್ಟಿ ನೋಡುತ್ತಿದೆ. ಇದು ಬಾಲ ಎತ್ತಿ ಆಡಿಸಿತು, ಅದೂ ಆಡಿಸಿತು. ಹೆದರಿಕೊಂಡು ಏಳಲು ಹೋದಷ್ಟೂ ಇಳಿಜಾರಿನಲ್ಲಿ ಹಿಮ್ಮುಖವಾಗಿ ಸರಿಯುತ್ತಾ ತೂತಿನ ಹತ್ತಿರ ಬಂದು, ಅಲ್ಲಿ ಕಣ್ಣು ಮುಚ್ಚಿಕೊಂಡುಬಿಟ್ಟಿತು.

"ಚಿರತೆ ಹಲ್ಲಿಗೆ ಕಾಲಲ್ಲಿ ಅಂಟು ಇರಲ್ಲ," ಎಂದರು ಟೀಚರು ನನಗೆ, ದಡ್ಡ ಹುಡುಗನಿಗೆ ಹೇಳುವಂತೆ ಮೆಲ್ಲಗೆ. "ಗೋಡೆ ಹತ್ತಲ್ಲ. ಉಗುರು ಊರಿ ನಡಿಯತ್ತೆ, ನಮ್ಮ ನಿಮ್ಮ ಹಾಗೆ. ಅಂದಹಾಗೆ ಈ ಟೈಲನ್ನ ತೆಗೆದು ತೊಳೆಯೋದು ಹೇಗೆ?"

"ತೆಗೆಯೋಕಾಗಲ್ಲ," ಎಂದೆ. ಒಂದು ಗಂಟೆಯ ಹಿಂದೆ ಹೆಂಡತಿಯ ಹತ್ತಿರ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡಿದ್ದೆ.

ಅವರು ದಪ್ಪಕ್ಕನನ್ನು ಡಬ್ಬಿಗೆ ಹಾಕಿಕೊಂಡು ನನ್ನ ಹೆಂಡತಿಯ ಕಡೆ ತಿರುಗಿದರು. "ನಿನ್ನ ಮೇಲೆ ನನಗೆ ಒಂದಿಷ್ಟೂ ಅನುಮಾನ ಇಲ್ಲ ಕಣಮ್ಮ. ಆದ್ರೆ ಇಂಥ ನೆಲದ ಮೇಲೆ ಬಿಟ್ಟು ಹೋದ್ರೆ ನನಗೆ ನಿದ್ದೆ ಬರಲ್ಲ. ನಾಲ್ಕು ಗಂಟೆವರೆಗೆ ಮೇಲೇ ಇರ್ತೀನಿ." ಡಬ್ಬಿಯನ್ನು ಹೆಂಡತಿಯೇ ಹೊತ್ತುಕೊಂಡು ಹೋಗಿ ಮೇಲೆ ಬಿಟ್ಟು ಬಂದಳು.

ಬೈದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ನಾನು ಜೇಬಿನಿಂದ ಆ ಕಾಗದ ತೆಗೆದು, ಬಿಡಿಸಿ, ಮೊದಲ ಸಲ ಬರಹವಿದ್ದ ಬದಿಯನ್ನು ನೋಡಿದೆ. ಮೊದಲನೇ ಸಾಲು, "ನೆಲ ಒರಟಾಗಿರಬೇಕು, ಜಾರಬಾರದು, ತೆಗೆದು ತೊಳೆಯುವಂತಿರಬೇಕು." ಕೆಳಗೆ ಎರಡು ಗೆರೆ ಎಳೆದಿದ್ದಳು. ನನಗೆ ಅಳು ಬರುವಂತಾಯಿತು. ಇಪ್ಪತ್ತೆರಡು ವರ್ಷಕ್ಕೆ ಒಂದು ಸಲ ಕೇಳಿದ್ದಳು, ಅದನ್ನು ನಾನು ಹೊಳಪು ಕೊಟ್ಟು ಹಾಳು ಮಾಡಿದ್ದೆ.

ಅವಳು ಬಾಲ್ಕನಿಗೆ ಹೋದಳು. ಅಲ್ಲಿ ಹೂಕುಂಡಗಳ ಕೆಳಗೆ ನಾನು ಯಾವುದೋ ಮನೆಯ ಅಡುಗೆಕೋಣೆಯಿಂದ ಉಳಿಸಿ ತಂದ ಸಾದಾ ಟೈಲುಗಳ ಒಂದು ಅಟ್ಟಿ ಇತ್ತು. ಒಂದನ್ನು ಎತ್ತಿಕೊಂಡು ಬಂದು, ಬೋರಲು ಹಾಕಿ, ಆ ಕೆಂಪು ಮಣ್ಣಿನ ಒರಟು ಬೆನ್ನಿನ ಮೇಲೆ ಮಣಿಕಟ್ಟು ಉಜ್ಜಿ ನೋಡಿದಳು.

"ಇದನ್ನ ಹೀಗೇ ಹಾಕಿ."

"ಅದು ಟೈಲಿನ ಹಿಂಭಾಗ."

"ಗೊತ್ತು."

"ಹಿಂಭಾಗ ಯಾರಿಗೂ ಕಾಣಿಸಬಾರದು. ಮೂವತ್ತು ವರ್ಷದಲ್ಲಿ ಒಂದು ಟೈಲನ್ನೂ ನಾನು ತಲೆಕೆಳಗೆ ಹಾಕಿಲ್ಲ. ಯಾರಾದ್ರೂ ನೋಡಿದ್ರೆ ಏನಂತಾರೆ?"

"ಹಲ್ಲಿ ಯಾರಿಗೂ ಹೇಳಲ್ಲ. ಉಳಿ ಎಲ್ಲಿದೆ?"

ಹನ್ನೆರಡು ಗಂಟೆಗೆ ನಾನು ನನ್ನ ಕೈಯಾರೆ ಹಾಸಿದ ಅತ್ಯುತ್ತಮ ನೆಲಕ್ಕೆ ಉಳಿ ಇಟ್ಟೆ. ಭೂಮಿ ನಡುಗಿದರೂ ಅಲ್ಲಾಡದ ಅಂಟು ಎಂದಿದ್ದೆನಲ್ಲ, ಅದು ಸುಳ್ಳಲ್ಲ. ಒಂದೂವರೆ ಗಂಟೆ ಸುತ್ತಿಗೆ ಬೀಸಿದ ಮೇಲೆ ಕೊನೆಯ ಚೂರು ಎದ್ದಿತು. ತಗಡು ಎರಡು ಕಡೆ ತಗ್ಗಾಯಿತು, ನನ್ನ ಹೆಬ್ಬೆರಳು ಒಂದು ಕಡೆ ಉಬ್ಬಿತು. ಅಷ್ಟರಲ್ಲಿ ಅವಳು ಹೊಸ ಟೈಲುಗಳನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಒಣಗಿಸಿದ್ದಳು. ಆಮೇಲೆ ಬಿಚ್ಚಿಟ್ಟಿದ್ದ ಚಾಪೆಗಳನ್ನು ತಗಡಿನ ಕೆಳಗೆ ಮತ್ತೆ ಅಂಟಿಸಿ, ಶಾಖ ಅಳೆಯುವ ಕಡ್ಡಿಯ ತಂತಿಯನ್ನು ನನ್ನ ತೂತಿನಲ್ಲಿ ತೂರಿಸಿ, ಸುತ್ತ ಬಿಗಿಯಾಗಿ ಮೆತ್ತಿದಳು. ಒಟ್ಟು ಕೆಲಸದಲ್ಲಿ ಉಪಯೋಗಕ್ಕೆ ಬಂದ ನನ್ನ ಯೋಜನೆ ಎಂದರೆ ಆ ತೂತೊಂದೇ.

ಸಿಮೆಂಟಿಲ್ಲ, ಅಂಟಿಲ್ಲ, ಇಳಿಜಾರಿಲ್ಲ. ಟೈಲುಗಳನ್ನು ಬರೀ ಜೋಡಿಸಬೇಕು. ಬೇಕಾದಾಗ ಎತ್ತಿ ತೊಳೆಯುವಂತಿರಬೇಕು, ಆದರೆ ಸಂದಿನಲ್ಲಿ ಹುಳ ನುಸುಳಬಾರದು, ಹಲ್ಲಿಯ ಬೆರಳು ಸಿಕ್ಕಬಾರದು. ಇಲ್ಲಿ ಮಾತ್ರ ನನ್ನ ಮೂವತ್ತು ವರ್ಷ ಕೆಲಸಕ್ಕೆ ಬಂತು. ಕೂದಲೆಳೆ ತೂರದಷ್ಟು ಬಿಗಿಯಾಗಿ ಕೊಯ್ದು ಕೂರಿಸಿದೆ. ಅವಳು ಉಗುರು ಹಾಕಿ ನೋಡಿದಳು, ಉಗುರು ಇಳಿಯಲಿಲ್ಲ. "ಚೆನ್ನಾಗಿದೆ," ಎಂದಳು. ಹೋಟೆಲಿನ ಮಾಲೀಕರು ಹೆಗಲು ತಟ್ಟಿದಾಗಲೂ ನನಗೆ ಅಷ್ಟು ಹಿತವಾಗಿರಲಿಲ್ಲ.

ಎರಡೂವರೆಗೆ ಚಾಪೆ ಬಿಸಿಯಾಗತೊಡಗಿತು. ಗಂಡಹೆಂಡತಿ ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಅಂಕಿ ನೋಡುತ್ತಿದ್ದೆವು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಮೂರು ಗಂಟೆಗೆ ಮೂವತ್ತು, ಅಲ್ಲೇ ಹದಿನೈದು ನಿಮಿಷ ನಿಂತಿತು. ಆಮೇಲೆ ಮೂವತ್ತೊಂದು. ನಾಲ್ಕಕ್ಕೆ ಕೆಳಗೆ ಬೀದಿಯಲ್ಲಿ ಗಾಡಿ ಬಂದು ನಿಂತ ಸದ್ದಾಯಿತು. ಗಾಡಿಯವನು ಹಾರ್ನ್ ಹೊಡೆದ. ಅವಳು ಮಣಿಕಟ್ಟನ್ನು ಬೆಚ್ಚನೆ ಗವಿಯ ನೆಲಕ್ಕೆ ಇಟ್ಟು ಕಣ್ಣು ಕಿರಿದು ಮಾಡಿದಳು.

"ಮೂವತ್ತೆರಡು," ಎಂದಳು. ನಾನು ಅಂಕಿ ನೋಡಿದೆ. ಮೂವತ್ತೆರಡು.

ಟೀಚರನ್ನು ಕರೆದುತಂದೆವು. ದಪ್ಪಕ್ಕ ಮತ್ತೆ ನೆಲಕ್ಕೆ ಇಳಿಯಿತು. ಒಂದು ಕಾಲು ಇಟ್ಟಿತು, ಐದು ಬೆರಳು ಬಿಡಿಸಿ ಊರಿತು, ಕಾಲು ಇಟ್ಟಲ್ಲೇ ಇತ್ತು. ಇನ್ನೊಂದು ಕಾಲು ಇಟ್ಟಿತು. ಆಮೇಲೆ ಹೊಟ್ಟೆ ನೆಲಕ್ಕೆ ತಾಗದಂತೆ ಎತ್ತಿ, ತೂಗುತ್ತಾ, ಮನೆಯೊಡತಿಯ ಹಾಗೆ ನಡೆದುಹೋಗಿ ಬೆಚ್ಚನೆ ಗವಿಯೊಳಗೆ ಸೇರಿ, ಅಲ್ಲಿಂದ ತಲೆ ಹೊರಗಿಟ್ಟು ನಮ್ಮನ್ನು ನೋಡಿತು. ಆಚೆ ಪಾಲಿನಲ್ಲಿ ಚುಕ್ಕಿ ನೆಲವನ್ನು ಎರಡು ಸಲ ನೆಕ್ಕಿ, ಒಪ್ಪಿಗೆಯಾಯಿತೆಂಬಂತೆ ಸರಸರ ಓಡಾಡತೊಡಗಿತು.

"ಇದು ಯಾರ ಯೋಚನೆ?" ಎಂದರು ಟೀಚರು.

"ಅವಳದು," ಎಂದೆ. ಅದಕ್ಕಿಂತ ದೊಡ್ಡ ಸತ್ಯವನ್ನು ನಾನು ಆ ಮನೆಯಲ್ಲಿ ಹೇಳಿದ್ದಿಲ್ಲ.

ಟೀಚರು ಕನ್ನಡಕ ತೆಗೆದು ಒರೆಸಿಕೊಂಡರು, ಗಾಜಿನ ಮೇಲೆ ಒಂದು ಬೆರಳಿಟ್ಟು ಎರಡಕ್ಕೂ ಹೋಗಿ ಬರುತ್ತೇನೆ ಎಂದರು, ನನ್ನ ಹೆಂಡತಿಯ ಕೈ ಹಿಡಿದು ಅದುಮಿದರು. ಆಮೇಲೆ ಗಾಡಿ ಹೋಯಿತು. ಹೆಂಡತಿ ಪೆಟ್ಟಿಗೆಯ ಮುಂದೆ ಕೂತಳು. ಅವಳ ಬಾಯಿಯ ಗೆರೆಯೂ ದಪ್ಪಕ್ಕನದರಂತೆ ಮೇಲಕ್ಕೆ ತಿರುಗಿತ್ತು. ಎಲ್ಲಾ ಸುಖವಾಗಿ ಮುಗಿಯಿತು ಎಂದುಕೊಂಡು ನಾನು ಸುತ್ತಿಗೆ ಒಳಗಿಡಲು ಹೊರಟೆ.

"ಸ್ವಲ್ಪ ಇರು," ಎಂದಳು ಅಮ್ಮ. ಅಷ್ಟು ಹೊತ್ತೂ ಗೋಡೆಗೆ ಕೈ ಊರಿ ನಿಂತು ನೋಡುತ್ತಿದ್ದವಳು. "ಒರಟು ನೆಲ ಹಾಕಿದ್ರೆ ಕಾಲು ಜಾರಲ್ವಾ?"

"ಇಲ್ಲಮ್ಮ."

"ಇದು ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿರದೆ ಏನಮ್ಮ, ಅಂಥ ಟೈಲೂ ಬರತ್ತೆ. ಹೊಳಪಿರಲ್ಲ ಅಂತ ನಾನು ಹಾಕಲ್ಲ."

"ಹಾಗಾದ್ರೆ ನೋಡು," ಎಂದು ಅಮ್ಮ ಗೋಡೆಯಿಂದ ಕೈ ತೆಗೆದು ಪಡಸಾಲೆಯ ನಡುವಿಗೆ ಎರಡು ಹೆಜ್ಜೆ ಇಟ್ಟಳು. ಬಲಗಾಲು ಒಂದು ಕಡೆ ಹೋಯಿತು, ಎಡಗಾಲು ಇನ್ನೊಂದು ಕಡೆ. ಬೆರಳುಗಳನ್ನು ಮಡಿಸಿ ನೆಲ ಹಿಡಿಯಲು ನೋಡಿದಳು. ಹೆಂಡತಿ ಓಡಿ ಹೋಗಿ ಎರಡೂ ತೋಳು ಹಿಡಿದುಕೊಂಡಳು.

"ಈ ಮನೆಗೆ ಬಂದಾಗಿನಿಂದ ನಾನು ನಡೆಯೋದು ಹೀಗೇ," ಎಂದಳು ಅಮ್ಮ. "ಜಾರತ್ತೆ ಅಂತ ನಿನಗೆ ಎಷ್ಟು ಸಲ ಹೇಳಲಿಲ್ಲ."

ಹೇಳಿದ್ದಳು. ನನಗೆ ನೆನಪಿದೆ. ಆದರೆ ನಮ್ಮ ಕಸುಬಿನಲ್ಲಿ ನೆಲ ನೋಡಿ ಗಿರಾಕಿ 'ಕಾಲು ಜಾರುತ್ತೆ ಕಣ್ರೀ' ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅಮ್ಮ ಹೇಳಿದಾಗಲೆಲ್ಲ ನಾನು ನಕ್ಕು, "ಹೌದಲ್ವಾ?" ಎಂದಿದ್ದೆ. ಹನ್ನೊಂದು ವರ್ಷ ಅವಳು ಸವರಿದ್ದು ನನ್ನ ಕೈಚಳಕವನ್ನಲ್ಲ, ಹಿಡಿದುಕೊಳ್ಳಲು ಸಿಕ್ಕ ಗೋಡೆಯನ್ನು. ನಾನು ಸುತ್ತಿಗೆಯನ್ನು ಒಳಗಿಡಲಿಲ್ಲ.

ಈಗ ಮೂರು ವಾರವಾಯಿತು. ಬಚ್ಚಲು ಮುಗಿದಿದೆ, ಅಮ್ಮನ ಕೋಣೆ ಮುಗಿದಿದೆ, ಪಡಸಾಲೆಯಲ್ಲಿ ಅರ್ಧ ಉಳಿದಿದೆ. ಹೊಳಪಿಲ್ಲದ ಒರಟು ಟೈಲು, ಮುಖ ಮೇಲಾಗಿಯೇ ಹಾಕುತ್ತಿದ್ದೇನೆ, ಅಷ್ಟು ಮರ್ಯಾದೆ ಉಳಿದಿದೆ. ಬಂದವರಿಗೆ ತಲೆಗೂದಲು ನೋಡಿಕೊಳ್ಳಲು ಆಗುವುದಿಲ್ಲ. ಬಚ್ಚಲ ಬಾಗಿಲಿಗೆ ಹೆಂಡತಿ ಒಂದು ಪಟ್ಟಿ ಅಂಟಿಸಿದ್ದಾಳೆ. ಯಾವ ಕೋಣೆ, ಎಷ್ಟು ಒಡೆದಿದೆ, ಎಷ್ಟು ಉಳಿದಿದೆ, ಮತ್ತು ಕಾರಣ. ಕಾರಣ ಎಂಬಲ್ಲಿ ಈ ಸಲ ಸಿಮೆಂಟನ್ನು ಬಿಟ್ಟು ಬರೀ 'ಗಂಡ' ಎಂದಿದೆ. ಅಂಥ ಹೆಂಗಸು ಬರೆದದ್ದನ್ನು ಇನ್ನು ಮುಂದೆ ಎರಡೂ ಬದಿ ಓದುವುದೆಂದು ತೀರ್ಮಾನಿಸಿದ್ದೇನೆ.

ಇವತ್ತು ಬೆಳಗ್ಗೆ ನಾನು ಮೊಣಕಾಲೂರಿ ಹಳೇ ಅಂಟು ಕೆರೆಯುತ್ತಿದ್ದಾಗ ಅಮ್ಮ ತನ್ನ ಕೋಣೆಯಿಂದ ಹೊರಬಂದಳು. ಗೋಡೆ ಮುಟ್ಟಲಿಲ್ಲ. ಕೈ ಬೀಸಿಕೊಂಡು, ಹೊಸ ನೆಲದ ನಟ್ಟನಡುವೆ ಸಲೀಸಾಗಿ ನಡೆದುಬಂದು, ಪೆಟ್ಟಿಗೆಯ ಮುಂದೆ ಬಗ್ಗಿದಳು.

"ನೋಡ್ರೇ," ಎಂದಳು ಹಲ್ಲಿಗಳಿಗೆ. "ನಿಮ್ಮಲ್ಲಿ ಒಬ್ಬಳು ಒಂದು ಸಲ ಜಾರಿದ್ದಕ್ಕೆ ಅದೇ ದಿನ ನೆಲ ಒಡೆದ. ನಾನು ಹೆತ್ತ ತಾಯಿ, ಹನ್ನೊಂದು ವರ್ಷ ಜಾರಿದೆ."

ದಪ್ಪಕ್ಕ ಗವಿಯಿಂದ ತಲೆ ಹೊರಗಿಟ್ಟು ಅವಳನ್ನು ನೋಡಿ ನಸುನಕ್ಕಿತು. ಆಮೇಲೆ ನನ್ನ ಕಡೆ ತಿರುಗಿ, ನಿಧಾನವಾಗಿ ಎರಡೂ ಕಣ್ಣು ಮುಚ್ಚಿಕೊಂಡಿತು.